ಆರನೇ ತರಗತಿಯ ಮಗು ಇಂಗ್ಲಿಷ್ ಪದಗಳನ್ನು ಕಲಿಯುವುದು ಹೇಗೆ?

ಕನ್ನಡ ಮಾಧ್ಯಮದಲ್ಲಿ ಐದನೇ ತರಗತಿ ಮುಗಿಸಿದ ಮಗುವಿನ ಮನೆಯಲ್ಲಿ ಆ ಬೇಸಿಗೆ ರಜೆಯಲ್ಲಿ ಒಂದು ತೀರ್ಮಾನ ಆಗಬೇಕಾಗುತ್ತದೆ. ಕೆಲವರು ಆದರ್ಶ ವಿದ್ಯಾಲಯದ ಪ್ರವೇಶ ಪರೀಕ್ಷೆ ಬರೆಸಿರುತ್ತಾರೆ, ಕೆಲವರು ಊರಿನ ಸರ್ಕಾರಿ ಶಾಲೆಯಲ್ಲೇ ಇರುವ ಇಂಗ್ಲಿಷ್ ಮಾಧ್ಯಮದ ವಿಭಾಗಕ್ಕೆ ಸೇರಿಸುತ್ತಾರೆ, ಇನ್ನು ಕೆಲವರು ಕನ್ನಡ ಮಾಧ್ಯಮದಲ್ಲೇ ಮುಂದುವರಿಸಿ ಇಂಗ್ಲಿಷನ್ನು ಮಾತ್ರ ಗಟ್ಟಿ ಮಾಡಿಸಲು ಬಯಸುತ್ತಾರೆ. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಒಂದು ವಿಷಯವಾಗಿ ಆರಂಭವಾಗುತ್ತಿರುವುದರಿಂದ ಈ ಮಕ್ಕಳು ಆ ಹೊತ್ತಿಗೆ ಐದು ವರ್ಷ ಇಂಗ್ಲಿಷ್ ಕಲಿತಿರುತ್ತಾರೆ. ಆದರೂ ಶಾಲೆ ಶುರುವಾಗಿ ಎರಡು ತಿಂಗಳು ಕಳೆಯುವಷ್ಟರಲ್ಲಿ ಪಾಲಕರ ಸಭೆಯಲ್ಲಿ ನಾನು ಪ್ರತಿ ವರ್ಷ ಕೇಳುವ ಮಾತು ಒಂದೇ: “ಓದೋಕೆ ಬರುತ್ತೆ ಸಾರ್, ಅರ್ಥ ಆಗಲ್ಲ.”

ಈ ಮಾತು ಅಕ್ಷರಶಃ ನಿಜ. ಅಕ್ಷರ ಕೂಡಿಸಿ ವಾಕ್ಯವನ್ನು ಗಟ್ಟಿಯಾಗಿ ಓದಿ ಮುಗಿಸುವ ಮಗು, ಈಗ ಓದಿದ್ದು ಏನು ಎಂದು ಕೇಳಿದರೆ ಸುಮ್ಮನಾಗುತ್ತದೆ. ಇದಕ್ಕೆ ಕಾರಣಗಳು ಹಲವಿದ್ದರೂ ದೊಡ್ಡ ಪಾಲು ಪದಸಂಪತ್ತಿನ ಕೊರತೆಯದ್ದು. ಪದಸಂಪತ್ತು ಎಂದರೆ ಏನು, ಅದು ಬೆಳೆಯುವುದು ಹೇಗೆ, ನಿತ್ಯ ಹತ್ತು ಪದಗಳನ್ನು ಹತ್ತು ಸಲ ಬರೆಸಿದರೂ ಅದು ಏಕೆ ಬೆಳೆಯುವುದಿಲ್ಲ ಎಂಬುದನ್ನು ಬುಡದಿಂದ ನೋಡೋಣ.

ಒಂದು ಪದ ‘ಗೊತ್ತು’ ಎಂದರೆ ಏನು?

‘ರಿಡ್ಯೂಸ್’ ಎಂದರೆ ಕಡಿಮೆ ಮಾಡು ಎಂದು ಮಗು ಬಾಯಿಪಾಠ ಮಾಡಿದೆ ಎಂದುಕೊಳ್ಳಿ. ಅದನ್ನು ಕೇಳಿದಾಗ ಗುರುತಿಸುವುದು ಒಂದು ಹಂತ, ಪುಟದಲ್ಲಿ ಕಂಡಾಗ ಗುರುತಿಸುವುದು ಇನ್ನೊಂದು. ‘ರಿಡಕ್ಷನ್’ ಎಂದು ರೂಪ ಬದಲಿಸಿಕೊಂಡು ಬಂದಾಗಲೂ ಇದು ಅದೇ ಪದದ ನೆಂಟ ಎಂದು ತಿಳಿಯಬೇಕು. ವೇಗವನ್ನು, ಬೆಲೆಯನ್ನು, ನೋವನ್ನು ‘ರಿಡ್ಯೂಸ್’ ಮಾಡಬಹುದು, ಆದರೆ ಟಿವಿಯ ಸದ್ದನ್ನು ತಗ್ಗಿಸು ಎಂದು ತಂಗಿಗೆ ಹೇಳುವಾಗ ಸಾಮಾನ್ಯವಾಗಿ ಆ ಪದ ಬಳಸುವುದಿಲ್ಲ ಎಂಬ ಅಂದಾಜು ಬರಬೇಕು. ಕೊನೆಗೆ, ಯಾರೂ ಹೇಳಿಕೊಡದೆ ತನ್ನದೇ ವಾಕ್ಯದಲ್ಲಿ ಅದನ್ನು ಇಡಲು ಸಾಧ್ಯವಾಗಬೇಕು. ಇಷ್ಟೂ ಸೇರಿದರೆ ಪದ ಗೊತ್ತಾಯಿತು ಎಂದರ್ಥ.

ಇದನ್ನು ಮನುಷ್ಯರ ಪರಿಚಯಕ್ಕೆ ಹೋಲಿಸಬಹುದು. ಸಂತೆಯಲ್ಲಿ ಒಬ್ಬರ ಮುಖ ನೋಡಿ ಎಲ್ಲೋ ಕಂಡ ಹಾಗಿದೆ ಎನ್ನುವುದು ಒಂದು ಬಗೆಯ ಪರಿಚಯ. ಹೆಸರು ಗೊತ್ತಿರುವುದು ಮತ್ತೊಂದು. ಅವರ ಮನೆ, ಕೆಲಸ, ಬಂಧುಬಳಗ ತಿಳಿದು ಹೊತ್ತಲ್ಲದ ಹೊತ್ತಲ್ಲೂ ಬಾಗಿಲು ತಟ್ಟುವ ಸಲಿಗೆ ಇರುವುದು ಬೇರೆಯೇ. ನಮ್ಮ ಡಿಕ್ಟೇಶನ್ ಪರೀಕ್ಷೆಗಳು ಸಾಮಾನ್ಯವಾಗಿ ಎರಡನೆಯ ಪರಿಚಯದವರೆಗೆ ಹೋಗಿ ನಿಲ್ಲುತ್ತವೆ.

ಇಲ್ಲೇ ಇನ್ನೊಂದು ಮಾತನ್ನು ವಿವರಿಸಬೇಕು. ಪದಗಳನ್ನು ಎಣಿಸುವಾಗ ಭಾಷಾತಜ್ಞರು ‘ಪದಕುಟುಂಬ’ ಎಂಬ ಲೆಕ್ಕ ಹಿಡಿಯುತ್ತಾರೆ. ಕನ್ನಡದಲ್ಲಿ ಓದು, ಓದುಗ, ಓದಿಸು, ಓದುವಿಕೆ ಇವೆಲ್ಲ ಒಂದೇ ಮನೆಯ ಮಕ್ಕಳಿದ್ದ ಹಾಗೆ, ಇಂಗ್ಲಿಷಿನ ಹೆಲ್ಪ್, ಹೆಲ್ಪರ್, ಹೆಲ್ಪ್‌ಫುಲ್, ಹೆಲ್ಪ್‌ಲೆಸ್ ಸೇರಿ ಒಂದು ಪದಕುಟುಂಬ.

ಐದನೇ ತರಗತಿ ದಾಟಿದ ಮೇಲೆಯೇ ಏಕೆ ಕಷ್ಟ?

ಮಗುವಿನ ಕಷ್ಟ ಎಂಥದ್ದು ಎಂದು ದೊಡ್ಡವರಿಗೆ ತಿಳಿಯಬೇಕಾದರೆ ಕೆಳಗಿನ ಎರಡು ವಾಕ್ಯಗಳನ್ನು ಓದಿ ನೋಡಿ. ಕೆಲವು ಪದಗಳನ್ನು ನಾನೇ ಕಟ್ಟಿ ಇಟ್ಟಿದ್ದೇನೆ. ಅವು ಯಾವ ನಿಘಂಟಿನಲ್ಲೂ ಸಿಗುವುದಿಲ್ಲ.

“ಮಳೆ ಬಂದ ಮರುದಿನ ರೈತರು ಹೊಲಕ್ಕೆ ಹೋಗಿ ಮಣ್ಣಿನ ಟೊರಿಕೆಯನ್ನು ನೋಡುತ್ತಾರೆ. ಟೊರಿಕೆ ಹೆಚ್ಚಾಗಿದ್ದರೆ ಬಿತ್ತಿದ ಬೀಜವು ದಿಮ್ಮಳಿಸುತ್ತದೆ; ಹಾಗಾಗದಂತೆ ಅವರು ಮೊದಲು ಹೊಲದ ನೀರನ್ನು ಕೊಂಪಳಿಸುತ್ತಾರೆ.”

ಇಲ್ಲಿರುವುದು 20 ಪದಗಳು. ಅದರಲ್ಲಿ 16 ನಿಮಗೆ ಗೊತ್ತು, ಅಂದರೆ ನೂರಕ್ಕೆ 80. ಪರೀಕ್ಷೆಯ ಅಂಕವಾಗಿದ್ದರೆ ಅದು ಚೆನ್ನಾದ ಅಂಕವೇ. ಆದರೂ ಬೀಜಕ್ಕೆ ಏನಾಗುತ್ತದೆ, ನೀರನ್ನು ಏನು ಮಾಡುತ್ತಾರೆ ಎಂದು ಕೇಳಿದರೆ ಊಹಿಸಬೇಕೇ ಹೊರತು ಖಚಿತವಾಗಿ ಹೇಳಲಾಗದು. ಹೇಳಬೇಕಾದ ವಿಷಯವೆಲ್ಲ ಗೊತ್ತಿಲ್ಲದ ಆ ಪದಗಳಲ್ಲೇ ಕೂತಿದೆ. ಅಷ್ಟಾದರೂ ನಿಮಗೆ ಬೇಸಾಯದ ತಿಳಿವಳಿಕೆ ಮತ್ತು ಕನ್ನಡದ ವಿಭಕ್ತಿ ಪ್ರತ್ಯಯಗಳು ಕೈಹಿಡಿದಿವೆ. ಇಂಗ್ಲಿಷ್ ಪುಟದ ಮುಂದೆ ಕುಳಿತ ಮಗುವಿಗೆ ಆ ಆಸರೆಯೂ ಅರ್ಧಂಬರ್ಧ.

ಬೇರೆಯವರ ನೆರವಿಲ್ಲದೆ ಸಲೀಸಾಗಿ ಓದಿ ಅರ್ಥ ಮಾಡಿಕೊಳ್ಳಲು ಪುಟದ ನೂರು ಪದಗಳಲ್ಲಿ ಸುಮಾರು 98 ಗೊತ್ತಿರಬೇಕು ಎಂದು ಈ ಕ್ಷೇತ್ರದ ಸಂಶೋಧನೆ ಹೇಳುತ್ತದೆ. ನ್ಯೂಜಿಲೆಂಡಿನ ಭಾಷಾತಜ್ಞ ಪಾಲ್ ನೇಶನ್ 2006ರಲ್ಲಿ ಹಾಕಿದ ಲೆಕ್ಕದಂತೆ, ದೊಡ್ಡವರು ಓದುವ ಕಾದಂಬರಿ, ಪತ್ರಿಕೆಗಳಲ್ಲಿ ಆ ಮಟ್ಟ ಮುಟ್ಟಲು 8000ರಿಂದ 9000 ಪದಕುಟುಂಬಗಳು ಬೇಕು. ಇದು ಜೀವನವಿಡೀ ನಡೆಯುವ ಪಯಣದ ಅಳತೆ. ಆರನೇ ತರಗತಿಯ ಮಗುವಿನಿಂದ ಅದನ್ನು ಯಾರೂ ನಿರೀಕ್ಷಿಸುವುದಿಲ್ಲ, ಪಠ್ಯಪುಸ್ತಕಕ್ಕೆ ಅಷ್ಟು ಬೇಕಾಗುವುದೂ ಇಲ್ಲ.

ಕೆಳಗಿನ ತರಗತಿಗಳಲ್ಲಿ ಪಾಠದಲ್ಲಿ ಬರುವ ಪದಗಳು ಕಣ್ಣಿಗೆ ಕಾಣುವ ವಸ್ತುಗಳವು: ಕ್ಯಾಟ್, ಟ್ರೀ, ರನ್, ರೆಡ್. ಚಿತ್ರ ತೋರಿಸಿದರೆ ಮುಗಿಯಿತು. ಆರನೇ ತರಗತಿಯಿಂದ ಓದುವುದೇ ಬೇರೆ ವಿಷಯಗಳನ್ನು ಕಲಿಯುವ ಸಾಧನವಾಗುತ್ತದೆ. ‘ಕಂಪೇರ್’, ‘ಆಲ್ದೋ’, ‘ದೇರ್‌ಫೋರ್’ ಇವುಗಳಿಗೆ ಚಿತ್ರ ಬರೆಯಲಾಗುವುದಿಲ್ಲ. ಕೆನಡಾದ ಜಿಮ್ ಕಮಿನ್ಸ್ ಎಂಬ ವಿದ್ವಾಂಸರು 1979ರಲ್ಲಿ ಮಾತಿನ ಭಾಷೆ ಬೇರೆ, ಓದಿನ ಭಾಷೆ ಬೇರೆ ಎಂಬ ವ್ಯತ್ಯಾಸವನ್ನು ಮುಂದಿಟ್ಟರು. ಆ ದೇಶಕ್ಕೆ ವಲಸೆ ಬಂದ ಮಕ್ಕಳು ಸುಮಾರು ಎರಡು ವರ್ಷದಲ್ಲಿ ಗೆಳೆಯರೊಡನೆ ಸರಾಗವಾಗಿ ಇಂಗ್ಲಿಷ್ ಮಾತಾಡಿದರೂ ತರಗತಿಯ ಓದಿನಲ್ಲಿ ಸ್ಥಳೀಯ ಮಕ್ಕಳ ಸಮಕ್ಕೆ ಬರಲು 5ರಿಂದ 7 ವರ್ಷ ಹಿಡಿಯುತ್ತಿತ್ತು. ಬೀದಿಯಲ್ಲೂ ಆಟದ ಮೈದಾನದಲ್ಲೂ ಇಂಗ್ಲಿಷ್ ಕೇಳಿಸಿಕೊಳ್ಳುತ್ತಿದ್ದ ಮಕ್ಕಳ ಲೆಕ್ಕ ಅದು. ದಿನಕ್ಕೊಂದು ಪೀರಿಯಡ್ ಬಿಟ್ಟರೆ ಇಂಗ್ಲಿಷ್ ಕಿವಿಗೆ ಬೀಳದ ನಮ್ಮ ಮಗು ಜುಲೈ ತಿಂಗಳಲ್ಲಿ ತಡವರಿಸಿದರೆ ಅದನ್ನು ದಡ್ಡತನ ಎಂದು ತಿಳಿಯಲು ಯಾವ ಆಧಾರವೂ ಇಲ್ಲ.

ಯಾವ ಪದಗಳನ್ನು ಮೊದಲು ಕಲಿಸಬೇಕು?

ಒಂದು ಭಾಷೆಯ ಎಲ್ಲ ಪದಗಳೂ ಒಂದೇ ತೂಕದವಲ್ಲ. ಇಂಗ್ಲಿಷ್ ಬರಹದಲ್ಲಿ ‘ದಿ’ ಎಂಬ ಒಂದೇ ಪದ ನೂರರಲ್ಲಿ ಸುಮಾರು ಆರು ಸಲ ಬರುತ್ತದೆ. ಈ ಅಸಮತೆಯನ್ನು ಕಲಿಕೆಗೆ ಬಳಸಿಕೊಂಡವರಲ್ಲಿ ಮೈಕೆಲ್ ವೆಸ್ಟ್ ಪ್ರಮುಖರು. ಅವರು 1920ರ ದಶಕದಲ್ಲಿ ಢಾಕಾದಲ್ಲಿ ಶಿಕ್ಷಕರ ತರಬೇತಿಯಲ್ಲಿದ್ದಾಗ ಬಂಗಾಳದ ಮಕ್ಕಳು ಇಂಗ್ಲಿಷ್ ಓದಲು ಪಡುತ್ತಿದ್ದ ಪಾಡನ್ನು ಹತ್ತಿರದಿಂದ ಕಂಡವರು. ಮುಂದೆ ಅವರು 1953ರಲ್ಲಿ ಹೊರತಂದ ಸುಮಾರು 2000 ಮುಖ್ಯ ಪದಗಳ ಪಟ್ಟಿ ಸಾಮಾನ್ಯ ಬರಹದ ನೂರಕ್ಕೆ ಸುಮಾರು 80ರಷ್ಟನ್ನು ಆವರಿಸುತ್ತದೆ. ಈ ನೆಲದಂಥದೇ ತರಗತಿಗಳಲ್ಲಿ ಹುಟ್ಟಿದ ಪ್ರಶ್ನೆಯೊಂದು ಜಗತ್ತಿನ ಇಂಗ್ಲಿಷ್ ಬೋಧನೆಯನ್ನೇ ಬದಲಿಸಿತು ಎಂಬುದು ನಮ್ಮ ಶಿಕ್ಷಕರು ತಿಳಿದಿರಬೇಕಾದ ಸಂಗತಿ.

ಅಮೆರಿಕದ ಇಸಬೆಲ್ ಬೆಕ್ ಮತ್ತು ಸಂಗಡಿಗರು ಪದಗಳನ್ನು ಮೂರು ಸ್ತರಗಳಾಗಿ ನೋಡುವ ಕ್ರಮವನ್ನು ಹೇಳಿದ್ದಾರೆ. ಕೆಳಗಿನ ಸ್ತರದಲ್ಲಿ ಮನೆಬಳಕೆಯ ಮಾತುಗಳು. ಮೇಲಿನ ಸ್ತರದಲ್ಲಿ ಒಂದೊಂದು ವಿಷಯಕ್ಕೇ ಮೀಸಲಾದ ಪಾರಿಭಾಷಿಕ ಪದಗಳು: ‘ಫೋಟೋಸಿಂಥೆಸಿಸ್’, ‘ಪೆನಿನ್ಸುಲಾ’. ನಡುವಿನ ಸ್ತರದಲ್ಲಿರುವುದು ಎಲ್ಲ ವಿಷಯಗಳಲ್ಲೂ ತಿರುತಿರುಗಿ ಬರುವ, ಆದರೆ ಆಡುಮಾತಿನಲ್ಲಿ ಕಡಿಮೆ ಕೇಳಿಸುವ ಪದಗಳು: ಅಬ್ಸರ್ವ್, ಕಂಪೇರ್, ಅಬ್ಸಾರ್ಬ್, ರಿಲೀಸ್, ರಿಡ್ಯೂಸ್, ಇನ್‌ಕ್ರೀಸ್, ಸಿಮಿಲರ್, ಸಫಿಷಿಯಂಟ್, ಹೌಎವರ್.

ಮೇಲಿನ ಸ್ತರದ ಪದಗಳನ್ನು ಪುಸ್ತಕವೇ ದಪ್ಪ ಅಕ್ಷರದಲ್ಲಿ ಮುದ್ರಿಸಿ ವಿವರಿಸುತ್ತದೆ. ಕೆಳಗಿನವು ಹೇಗೋ ಬಂದುಬಿಡುತ್ತವೆ. ನಡುವಿನವನ್ನು ಯಾರೂ ವಿವರಿಸುವುದಿಲ್ಲ. ಇಂಗ್ಲಿಷ್ ಶಿಕ್ಷಕರು ಅವು ವಿಜ್ಞಾನದ ಪದಗಳು ಎಂದುಕೊಳ್ಳುತ್ತಾರೆ, ವಿಜ್ಞಾನದ ಶಿಕ್ಷಕರು ಇಂಗ್ಲಿಷ್ ಪೀರಿಯಡ್ಡಿನಲ್ಲಿ ಆಗಿರುತ್ತದೆ ಎಂದುಕೊಳ್ಳುತ್ತಾರೆ. ‘ಸಸ್ಯಗಳು ಬೇರಿನ ಮೂಲಕ ನೀರನ್ನು ಹೀರಿಕೊಳ್ಳುತ್ತವೆ’ ಎಂಬುದು ಮಗುವಿಗೆ ಚೆನ್ನಾಗಿ ಗೊತ್ತಿದ್ದೂ ಅದೇ ವಾಕ್ಯ ಇಂಗ್ಲಿಷಿನಲ್ಲಿ ಬಂದಾಗ ‘ರೂಟ್’ ತಿಳಿದು, ‘ವಾಟರ್’ ತಿಳಿದು, ನಡುವಿನ ‘ಅಬ್ಸಾರ್ಬ್’ ಬಳಿ ಎಡವುವುದು ಇದೇ ಕಾರಣಕ್ಕೆ. ಮಾಧ್ಯಮಿಕ ಹಂತದಲ್ಲಿ ಸಮಯ ಹಾಕಬೇಕಾದದ್ದು ಈ ನಡುವಿನ ಪದಗಳಿಗೆ.

ಗಣಿತದಲ್ಲಿ ಇನ್ನೊಂದು ತೊಡಕಿದೆ. ಮಗುವಿಗೆ ಈಗಾಗಲೇ ಗೊತ್ತಿರುವ ಪದಗಳೇ ಅಲ್ಲಿ ಬೇರೆ ವೇಷದಲ್ಲಿ ಬರುತ್ತವೆ. ‘ಟೇಬಲ್’ ಎಂದರೆ ಮೇಜು, ಮಗ್ಗಿ, ಕೋಷ್ಟಕ ಮೂರೂ ಹೌದು. ‘ವಾಲ್ಯೂಮ್’ ಟಿವಿಯದೂ ಹೌದು, ಘನಫಲವೂ ಹೌದು. ಕೂಡು ಎಂಬುದಕ್ಕೂ ಬೆಸ ಸಂಖ್ಯೆಗೂ ಇರುವ ಇಂಗ್ಲಿಷ್ ಪದಗಳು ನಮ್ಮ ಬಾಯಲ್ಲಿ ಎರಡೂ ‘ಆಡ್’ ಆಗುತ್ತವೆ. ಇಂಥವನ್ನು ಪಾಠಕ್ಕೆ ಮೊದಲೇ ಎರಡು ನಿಮಿಷ ಬಿಡಿಸಿ ಹೇಳಿದರೆ ಸಾಕು, ಲೆಕ್ಕದ ಅರ್ಧ ಭಯ ಹೋಗುತ್ತದೆ.

ಒಂದು ಪದದ ಪಾಠ

‘ಅಬ್ಸಾರ್ಬ್’ ಪದವನ್ನೇ ತೆಗೆದುಕೊಂಡು ಆರನೇ ತರಗತಿಯಲ್ಲಿ ನಾನು ಅನುಸರಿಸುವ ಕ್ರಮವನ್ನು ಹೇಳುತ್ತೇನೆ. ಮೇಜಿನ ಮೇಲೆ ಒಂದು ಲೋಟ ನೀರು, ಹಳೆಯ ಹತ್ತಿ ಬಟ್ಟೆ, ಪ್ಲಾಸ್ಟಿಕ್ ಕವರಿನ ತುಂಡು, ಒಂದು ಚೂರು ಇಟ್ಟಿಗೆ. ಪದವನ್ನು ಇನ್ನೂ ಹೇಳುವುದಿಲ್ಲ. ನೀರು ಚೆಲ್ಲಿ ಮೊದಲು ಪ್ಲಾಸ್ಟಿಕ್ಕಿನಿಂದ, ಆಮೇಲೆ ಬಟ್ಟೆಯಿಂದ ಒರೆಸಲು ಮಕ್ಕಳನ್ನೇ ಕರೆಯುತ್ತೇನೆ. ಇಟ್ಟಿಗೆಯ ಮೇಲೆ ನೀರು ಹನಿಸಿದರೆ ಸದ್ದಿಲ್ಲದೆ ಒಳಗೆ ಹೋಗುತ್ತದೆ. “ಏನಾಯ್ತು?” ಎಂದು ಕನ್ನಡದಲ್ಲೇ ಕೇಳುತ್ತೇನೆ. ಹೀರಿಕೊಂಡಿತು, ಎಳಕೊಂಡಿತು, ಇಂಗಿತು ಎಂಬ ಉತ್ತರಗಳು ಬರುತ್ತವೆ. ಒಮ್ಮೆ ಹಿಂದಿನ ಸಾಲಿನ ಹುಡುಗಿಯೊಬ್ಬಳು, “ಸಾರ್, ನಮ್ಮಜ್ಜಿ ಮನೆ ಗೋಡೆ ಮಳೆಗಾಲದಲ್ಲಿ ನೀರು ಕುಡಿಯುತ್ತೆ” ಎಂದಳು. ಮಣ್ಣಿನ ಗೋಡೆ ನೀರು ಕುಡಿಯುತ್ತದೆ ಎಂಬ ಆ ಮಾತಿಗಿಂತ ಒಳ್ಳೆಯ ವಿವರಣೆ ಯಾವ ನಿಘಂಟಿನಲ್ಲೂ ನನಗೆ ಸಿಕ್ಕಿಲ್ಲ.

ಅರ್ಥ ತಲೆಯಲ್ಲಿ ಕೂತ ಮೇಲೆ ಪದ ಬರುತ್ತದೆ: ಕುಡಿಯುವ ಆ ಕೆಲಸದ ಹೆಸರು ‘ಅಬ್ಸಾರ್ಬ್’. ಎಲ್ಲರೂ ಎರಡು ಸಲ ಹೇಳುತ್ತಾರೆ, ಬೋರ್ಡಿನ ಮೇಲೆ ‘ಅಬ್’, ‘ಸಾರ್ಬ್’ ಎಂದು ಎರಡು ತುಂಡು ಮಾಡಿ ಬರೆಯುತ್ತೇನೆ. ಬಟ್ಟೆ ನೀರನ್ನು ‘ಅಬ್ಸಾರ್ಬ್’ ಮಾಡುತ್ತದೆ, ಪ್ಲಾಸ್ಟಿಕ್ ಮಾಡುವುದಿಲ್ಲ. ಅಲ್ಲದ್ದನ್ನು ತೋರಿಸುವುದು ಬಹಳ ಮುಖ್ಯ. ಒಂದು ಪದದ ಬೇಲಿ ಎಲ್ಲಿಯವರೆಗೆ ಎಂದು ಮಗುವಿಗೆ ಕಾಣುವುದು ಆಗಲೇ. ಮಾರನೆಯ ದಿನ ಕಪ್ಪು ಬಟ್ಟೆ ಬಿಸಿಲಿನ ಶಾಖವನ್ನು ‘ಅಬ್ಸಾರ್ಬ್’ ಮಾಡುವ ಮಾತು. ಮೂರನೆಯ ದಿನ ಬೇರು. ವಾರದ ಕೊನೆಗೆ ಅದರ ಎದುರಾಳಿಯಾಗಿ ‘ರಿಲೀಸ್’ ಬರುತ್ತದೆ: ಎಲೆ ಇಂಗಾಲದ ಡೈಆಕ್ಸೈಡನ್ನು ಒಳಗೆ ತೆಗೆದುಕೊಂಡು ಆಮ್ಲಜನಕವನ್ನು ಹೊರಗೆ ಬಿಡುತ್ತದೆ. ಇಷ್ಟಾದ ಮೇಲೆ ಪ್ರತಿಯೊಬ್ಬರೂ ತಮ್ಮ ಮನೆಯ ಒಂದು ವಸ್ತುವಿನ ಬಗ್ಗೆ ಒಂದು ವಾಕ್ಯ ಬರೆಯಬೇಕು. ಚಪಾತಿ ಹಿಟ್ಟು ಎಣ್ಣೆ ಹೀರುತ್ತದೆ ಎಂದು ಬರೆದವರಿದ್ದಾರೆ, ನೆನೆಹಾಕಿದ ಕಡಲೆಯ ಬಗ್ಗೆ ಬರೆದವರಿದ್ದಾರೆ.

ಹೀಗೆ ವಾರಕ್ಕೆ ಎಂಟು ಹತ್ತು ಪದಗಳಿಗಿಂತ ಹೆಚ್ಚು ಆಗುವುದಿಲ್ಲ. ಕಡಿಮೆ ಎನ್ನಿಸಬಹುದು. ಆದರೆ ಒಂದು ವರ್ಷದಲ್ಲಿ ಮುನ್ನೂರರ ಹತ್ತಿರ, ಅದೂ ಎಂಟನೇ ತರಗತಿಯವರೆಗೆ ಪ್ರತಿ ಪುಟದಲ್ಲೂ ಎದುರಾಗುವ ಮುನ್ನೂರು ಪದಗಳು, ಗಟ್ಟಿಯಾಗಿ ಉಳಿಯುತ್ತವೆ.

ಕನ್ನಡ ಎಲ್ಲಿ ನೆರವಾಗುತ್ತದೆ, ಎಲ್ಲಿ ಎಡವಿಸುತ್ತದೆ?

ಇಂಗ್ಲಿಷ್ ಕಲಿಯಬೇಕಾದರೆ ತರಗತಿಯಲ್ಲಿ ಕನ್ನಡ ಬೇಡ ಎಂಬ ನಂಬಿಕೆ ಬಹಳ ಮನೆಗಳಲ್ಲಿದೆ. ಹನ್ನೊಂದು ವರ್ಷದ ಮಗುವಿನ ತಲೆಯಲ್ಲಿ ಜಗತ್ತಿನ ತಿಳಿವಳಿಕೆಯೆಲ್ಲ ಕನ್ನಡದಲ್ಲೇ ಇರುವಾಗ ಅದನ್ನು ಬದಿಗಿಟ್ಟು ಹೊಸದಾಗಿ ಶುರುಮಾಡುವುದು, ತುಂಬಿದ ಬಾವಿಯನ್ನು ಬಿಟ್ಟು ಪಕ್ಕದಲ್ಲಿ ಇನ್ನೊಂದನ್ನು ತೋಡಿದಂತೆ.

ಕನ್ನಡದ ನೆರವು ಅತ್ಯಂತ ಸ್ಪಷ್ಟವಾಗಿ ಕಾಣುವುದು ದೊಡ್ಡ ಪದಗಳನ್ನು ಬಿಡಿಸುವಾಗ. ದೂರದರ್ಶಕ, ಸೂಕ್ಷ್ಮದರ್ಶಕ, ದೂರವಾಣಿ ಈ ಮೂರನ್ನು ಬೋರ್ಡಿನ ಮೇಲೆ ಒಂದರ ಕೆಳಗೊಂದು ಬರೆದು ಪಕ್ಕದಲ್ಲಿ ಟೆಲಿಸ್ಕೋಪ್, ಮೈಕ್ರೋಸ್ಕೋಪ್, ಟೆಲಿಫೋನ್ ಎಂದು ಬರೆಯಿರಿ. ‘ದೂರ’ ಇರುವಲ್ಲೆಲ್ಲ ‘ಟೆಲಿ’ ಇದೆ, ‘ಸೂಕ್ಷ್ಮ’ ಇರುವಲ್ಲಿ ‘ಮೈಕ್ರೋ’, ‘ದರ್ಶಕ’ ಇರುವಲ್ಲಿ ‘ಸ್ಕೋಪ್’ ಎಂದು ಮಕ್ಕಳೇ ಕಂಡುಹಿಡಿಯುತ್ತಾರೆ. ಹಾಗಾದರೆ ‘ಥರ್ಮಾಮೀಟರ್’? ತಾಪಮಾಪಕ. ಉದ್ದವೆಂದು ಹೆದರಿಸುವ ‘ಫೋಟೋಸಿಂಥೆಸಿಸ್’ ಕೂಡ ಇದೇ ಜಾತಿಯದು: ದ್ಯುತಿ ಎಂದರೆ ಬೆಳಕು, ಸಂಶ್ಲೇಷಣೆ ಎಂದರೆ ಕೂಡಿಸಿ ಕಟ್ಟುವುದು, ‘ಫೋಟೋ’ ಎಂದರೆ ಬೆಳಕು, ‘ಸಿಂಥೆಸಿಸ್’ ಎಂದರೆ ಕೂಡಿಸಿ ಕಟ್ಟುವುದು. ಕನ್ನಡದ ವಿಜ್ಞಾನ ಪದಗಳು ಸಂಸ್ಕೃತದ ತುಂಡುಗಳಿಂದ, ಇಂಗ್ಲಿಷಿನವು ಗ್ರೀಕ್ ಮತ್ತು ಲ್ಯಾಟಿನ್ ತುಂಡುಗಳಿಂದ ಆದವು. ಕಟ್ಟುವ ರೀತಿ ಒಂದೇ. ಎರಡೂ ಭಾಷೆಗಳಲ್ಲಿ ವಿಜ್ಞಾನ, ಗಣಿತದ ಪಠ್ಯವಿರುವ ದ್ವಿಭಾಷಾ ಪುಸ್ತಕಗಳು ಕೈಗೆ ಸಿಕ್ಕ ಮಕ್ಕಳಿಗೆ ಈ ಆಟಕ್ಕೆ ಬೇಕಾದದ್ದೆಲ್ಲ ಕಣ್ಣೆದುರೇ ಇದೆ.

ಸಣ್ಣ ಪದಗಳಿಗೂ ಇದು ಹೊಂದುತ್ತದೆ. ಸಮಾನ, ಅಸಮಾನ ಎಂಬಲ್ಲಿ ‘ಅ’ ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ ‘ಅನ್’ ಮಾಡುತ್ತದೆ: ಈಕ್ವಲ್, ಅನ್‌ಈಕ್ವಲ್. ಹಾಡುಗಾರ, ಓಟಗಾರ ಎಂಬಲ್ಲಿ ‘ಗಾರ’ ಮಾಡುವ ಕೆಲಸವನ್ನು ಸಿಂಗರ್, ರನ್ನರ್ ಎಂಬಲ್ಲಿ ಕೊನೆಯ ತುಂಡು ಮಾಡುತ್ತದೆ.

ಕನ್ನಡಕ್ಕೆ ಬಂದು ನೆಲೆಸಿದ ಇಂಗ್ಲಿಷ್ ಪದಗಳೂ ಒಂದು ಬಂಡವಾಳ. ಹೊಲದ ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟ್ ಯಾವಾಗ ಬರುತ್ತದೆ ಎಂದು ಬಲ್ಲ ಮಗುವಿಗೆ ಮೋಟರ್, ಸ್ವಿಚ್, ಫ್ಯೂಸ್, ವೋಲ್ಟೇಜ್ ಹೊಸವಲ್ಲ. ಆದರೆ ಇಲ್ಲೇ ಎಚ್ಚರವೂ ಬೇಕು. ನಮ್ಮಲ್ಲಿ ‘ಹೋಟೆಲ್’ ಎಂದರೆ ತಿಂಡಿ ಸಿಗುವ ಜಾಗ, ಇಂಗ್ಲಿಷಿನಲ್ಲಿ ತಂಗುವ ಜಾಗ. ನಮ್ಮ ‘ಕವರ್’ ಸಾಮಾನು ತುಂಬುವ ಚೀಲ, ಅವರ ‘ಕವರ್’ ಮುಚ್ಚುವ ವಸ್ತು ಅಥವಾ ಮುಚ್ಚುವ ಕ್ರಿಯೆ. ‘ಕರೆಂಟ್’ ನಮಗೆ ವಿದ್ಯುತ್ತು ಮಾತ್ರ. ಇಂಗ್ಲಿಷಿನಲ್ಲಿ ನದಿಗೂ ಅದು ಇರುತ್ತದೆ, ಏಕೆಂದರೆ ಅದರ ಮೂಲ ಅರ್ಥ ಹರಿವು.

ಕನ್ನಡ ಎಡವಿಸುವ ಇನ್ನೊಂದು ಜಾಗ ಪದಗಳ ಜೋಡಿಯದು. ಯಾವ ಪದ ಯಾವುದರ ಜೊತೆ ಕೂಡುತ್ತದೆ ಎಂಬುದು ಪ್ರತಿ ಭಾಷೆಯಲ್ಲೂ ಬೇರೆ. ನಾವು ಬಾಗಿಲು ಹಾಕುತ್ತೇವೆ, ಲೈಟ್ ಹಾಕುತ್ತೇವೆ, ಬಟ್ಟೆ ಹಾಕುತ್ತೇವೆ. ಆದ್ದರಿಂದ ಮಗು ‘ಪುಟ್ ದಿ ಡೋರ್’, ‘ಪುಟ್ ದಿ ಲೈಟ್’ ಎಂದು ಹೇಳಿದರೆ ಅದು ಕನ್ನಡದ ತರ್ಕವನ್ನು ನಿಷ್ಠೆಯಿಂದ ಪಾಲಿಸಿದೆ. ಇಂಗ್ಲಿಷಿನಲ್ಲಿ ಬಾಗಿಲಿಗೆ ‘ಕ್ಲೋಸ್’ ಅಥವಾ ‘ಶಟ್’, ಲೈಟಿಗೆ ‘ಸ್ವಿಚ್ ಆನ್’, ಬಟ್ಟೆಗೆ ‘ವೇರ್’ ಅಥವಾ ‘ಪುಟ್ ಆನ್’. ಇದಕ್ಕೆ ಪರಿಹಾರ ಸರಳ: ಹೊಸ ಪದವನ್ನು ಒಂಟಿಯಾಗಿ ಬರೆಸದೆ ಅದರ ಜೊತೆಗಾರನೊಂದಿಗೇ ಬರೆಸುವುದು. ‘ಹೆವಿ’ ಎಂದಷ್ಟೇ ಬರೆಸುವ ಬದಲು ‘ಹೆವಿ ರೇನ್’ ಎಂದು ಬರೆಸಿದರೆ ಮುಂದೆ ‘ಸ್ಟ್ರಾಂಗ್ ರೇನ್’ ಎಂಬ ತಪ್ಪು ಹುಟ್ಟುವುದಿಲ್ಲ.

ಕಾಗುಣಿತದ ವಿಷಯ

ಕನ್ನಡದಲ್ಲಿ ಹೇಗೆ ಹೇಳುತ್ತೇವೋ ಹೆಚ್ಚುಕಡಿಮೆ ಹಾಗೇ ಬರೆಯುತ್ತೇವೆ. ಇಂಗ್ಲಿಷಿನಲ್ಲಿ ‘ಬಟ್’ ಮತ್ತು ‘ಪುಟ್’ ಎರಡರ ನಡುವೆಯೂ ‘ಯು’ ಅಕ್ಷರವೇ ಇದೆ, ‘ನೈಫ್’ ಪದ ‘ಕೆ’ ಅಕ್ಷರದಿಂದ ಶುರುವಾಗುತ್ತದೆ. ಮಗುವಿಗೆ ಇದು ಅನ್ಯಾಯವಾಗಿ ತೋರುವುದು ಸಹಜ. ಒಂದೇ ರೀತಿಯ ಪದಗಳನ್ನು ಗುಂಪಾಗಿ ಕಲಿಸಿದರೆ, ಅಂದರೆ ಲೈಟ್, ನೈಟ್, ರೈಟ್, ಫೈಟ್ ಒಟ್ಟಿಗೆ ಬಂದರೆ, ಹೊರೆ ಬಹಳ ಇಳಿಯುತ್ತದೆ. ಇಂಪೊಸಿಷನ್ ಬರೆಸಿದಾಗ ಮೂರನೆಯ ಸಲದ ನಂತರ ಕೈ ಮಾತ್ರ ಓಡುತ್ತಿರುತ್ತದೆ.

ಕಲಿತದ್ದು ಮರೆಯುವುದೇಕೆ?

ಜರ್ಮನಿಯ ಹರ್ಮನ್ ಎಬಿಂಗ್‌ಹಾಸ್ 1885ರಲ್ಲಿ ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡು ತೋರಿಸಿದ್ದೇನೆಂದರೆ, ಕಲಿತದ್ದರ ಹೆಚ್ಚಿನ ಭಾಗ ಮೊದಲ ಒಂದೆರಡು ದಿನದಲ್ಲೇ ಜಾರಿಹೋಗುತ್ತದೆ, ಆಮೇಲೆ ಮರೆವಿನ ವೇಗ ತಗ್ಗುತ್ತದೆ. ಹಾಗಾಗಿ ಒಂದೇ ರಾತ್ರಿ ಐವತ್ತು ಸಲ ಓದುವುದಕ್ಕಿಂತ ಬಿಡುವು ಕೊಟ್ಟು ಐದು ಸಲ ನೆನಪಿಸಿಕೊಳ್ಳುವುದು ಹೆಚ್ಚು ಫಲ ಕೊಡುತ್ತದೆ. ಸಸಿಗೆ ಒಂದೇ ದಿನ ನಾಲ್ಕು ಕೊಡ ಸುರಿಯುವುದಕ್ಕೂ ನಾಲ್ಕು ದಿನ ಒಂದೊಂದು ಕೊಡ ಹಾಕುವುದಕ್ಕೂ ಇರುವ ವ್ಯತ್ಯಾಸ ಇದು.

ಇದನ್ನು ಮನೆಯಲ್ಲಿ ಮಾಡಲು 1972ರಲ್ಲಿ ಸೆಬಾಸ್ಟಿಯನ್ ಲೈಟ್ನರ್ ಸೂಚಿಸಿದ ಡಬ್ಬಿಗಳ ಉಪಾಯ ಅನುಕೂಲ. ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಚೀಟಿ ಮಾಡಿ, ಒಂದು ಬದಿಗೆ ಇಂಗ್ಲಿಷ್ ಪದ, ಇನ್ನೊಂದು ಬದಿಗೆ ಕನ್ನಡದ ಅರ್ಥ ಮತ್ತು ಮಗುವೇ ಕಟ್ಟಿದ ಒಂದು ವಾಕ್ಯ ಬರೆಯಬೇಕು. ಮೂರು ಡಬ್ಬಿ ಬೇಕು. ಮೊದಲನೆಯದನ್ನು ದಿನಾ, ಎರಡನೆಯದನ್ನು ಮೂರು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ ತೆರೆಯುವುದು. ಅರ್ಥ ಸರಿಯಾಗಿ ನೆನಪಾದ ಚೀಟಿ ಮುಂದಿನ ಡಬ್ಬಿಗೆ ಹೋಗುತ್ತದೆ, ತಪ್ಪಿದ್ದು ಮೊದಲನೆಯದಕ್ಕೇ ವಾಪಸ್ಸು. ಚೀಟಿಯನ್ನು ತಿರುಗಿಸುವ ಮುನ್ನ ತಲೆಯಿಂದ ಎಳೆದು ತೆಗೆಯುವ ಆ ಕ್ಷಣದ ಪ್ರಯತ್ನದಲ್ಲೇ ಪದ ಊರುತ್ತದೆ.

ಮನೆಯಲ್ಲಿ ಯಾರಿಗೂ ಇಂಗ್ಲಿಷ್ ಬಾರದಿದ್ದರೆ?

ಪಾಲಕರು ಅತಿ ಸಂಕೋಚದಿಂದ ಕೇಳುವ ಪ್ರಶ್ನೆ ಇದು, ಸಂಕೋಚಕ್ಕೆ ಕಾರಣವಿಲ್ಲ. ಡಬ್ಬಿಯ ಆಟಕ್ಕೆ ತಾಯಿಗೆ ಕನ್ನಡ ಓದಲು ಬಂದರೆ ಸಾಕು, ಏಕೆಂದರೆ ಚೀಟಿಯ ಹಿಂಬದಿ ಕನ್ನಡದಲ್ಲಿದೆ. ಓದಲು ಬಾರದಿದ್ದರೂ, “ಇವತ್ತು ಯಾವ ಪದ ಕಲಿತೆ, ಅದನ್ನ ನಮ್ಮ ಮನೇಲಿ ಎಲ್ಲಿ ನೋಡಬಹುದು ತೋರಿಸು ಮಗಾ” ಎಂದು ಕೇಳಲು ಯಾರಿಗೂ ಬರುತ್ತದೆ. ಆ ಪ್ರಶ್ನೆಗೆ ಉತ್ತರಿಸಲು ಮಗು ಪದದ ಅರ್ಥವನ್ನು ಪೂರ್ತಿ ಕನ್ನಡದಲ್ಲಿ ಬಿಡಿಸಿ ಹೇಳಲೇಬೇಕಾಗುತ್ತದೆ. ಆಗ ಅದಕ್ಕೆ ನಿಜವಾಗಿ ತಿಳಿದಿದೆಯೋ, ಬರೀ ಉರು ಹೊಡೆದಿದೆಯೋ ಎಂಬುದು ಕೇಳಿದವರಿಗೂ ಗೊತ್ತಾಗುತ್ತದೆ, ಹೇಳಿದವರಿಗೂ ಗೊತ್ತಾಗುತ್ತದೆ. ಅಂಗಡಿಯಿಂದ ತಂದ ಬಿಸ್ಕತ್ತಿನ ಪೊಟ್ಟಣ, ಗೊಬ್ಬರದ ಚೀಲ, ಔಷಧಿಯ ಡಬ್ಬಿ ಇವುಗಳ ಮೇಲೆಲ್ಲ ‘ಸ್ಟೋರ್’, ‘ಕಂಟೈನ್ಸ್’, ‘ಅವಾಯ್ಡ್’ ಮುಂತಾದ ನಡುವಿನ ಸ್ತರದ ಪದಗಳೇ ಅಚ್ಚಾಗಿರುತ್ತವೆ. ಔಷಧಿಯ ಡಬ್ಬಿ ಹಿಡಿದು ಅಜ್ಜನಿಗೆ, “ಇದನ್ನ ಬಿಸಿಲಲ್ಲಿ ಇಡಬಾರದಂತೆ ತಾತ” ಎಂದು ತಾನಾಗಿಯೇ ಹೇಳಿದ ದಿನ ಆ ಮಗುವಿಗೆ ‘ಅವಾಯ್ಡ್’ ಬಂದಿದೆ ಎಂದು ತಿಳಿಯಬಹುದು.